ಹಾಸನದ ಮಗುವಿನ ಹೆಸರು ಅಖಿಲ ಭಾರತ ಟೆನಿಸ್ ಸಂಸ್ಥೆಯ ಪಟ್ಟಿಗೆ ಸೇರುವ ಬಗೆ

ಹಾಸನದಲ್ಲಿ ಮಗುವನ್ನು ಟೆನಿಸ್ ತರಬೇತಿಗೆ ಸೇರಿಸಿದ ಒಂದೆರಡು ವರ್ಷಗಳಲ್ಲಿ ಕೋಚ್ ಒಂದು ದಿನ 'ಎಐಟಿಎ ನಂಬರ್ ಮಾಡಿಸಿಬಿಡಿ' ಎನ್ನುತ್ತಾರೆ. ಎಐಟಿಎ ಎಂದರೆ ಅಖಿಲ ಭಾರತ ಟೆನಿಸ್ ಸಂಸ್ಥೆ, ನಂಬರ್ ಎಂದರೆ ಅಲ್ಲಿನ ನೋಂದಣಿ ಸಂಖ್ಯೆ. ಅದು ಸರ್ಕಾರಿ ಕಚೇರಿಯೋ ಅಕಾಡೆಮಿಯೋ ತಿಳಿಯದೆ ಹೆಚ್ಚಿನ ಪೋಷಕರು ಸೈಬರ್ ಸೆಂಟರಿಗೆ ಓಡುತ್ತಾರೆ. ಅರ್ಜಿ ತುಂಬುವ ಮೊದಲು ಈ ಸಂಸ್ಥೆ ಯಾವುದು, ಯಾಕೆ ಹುಟ್ಟಿತು ಎಂಬುದನ್ನು ತಿಳಿದುಕೊಂಡರೆ ಯಾವ ಕೆಲಸಕ್ಕೆ ಯಾವ ಬಾಗಿಲು ತಟ್ಟಬೇಕೆಂಬ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಅಖಿಲ ಭಾರತ ಟೆನಿಸ್ ಸಂಸ್ಥೆ ಸ್ಥಾಪನೆಯಾದದ್ದು 1920ರಲ್ಲಿ, ಲಾಹೋರಿನಲ್ಲಿ; ಆಗ ಅದರ ಹೆಸರಿನಲ್ಲಿ 'ಲಾನ್' ಎಂಬ ಪದವೂ ಇತ್ತು. ಡೇವಿಸ್ ಕಪ್ ದೇಶದೇಶಗಳ ನಡುವಿನ ಪಂದ್ಯವಾದ್ದರಿಂದ ತಂಡವನ್ನು ಕಳುಹಿಸಬೇಕಾದದ್ದು ಆಯಾ ದೇಶದ ಸಂಸ್ಥೆಯೇ. ಹೀಗಾಗಿ ಸಂಸ್ಥೆ ಹುಟ್ಟಿದ ಮರುವರ್ಷವೇ, 1921ರಲ್ಲಿ, ಭಾರತ ಮೊದಲ ಬಾರಿಗೆ ಆ ಟೂರ್ನಿಯನ್ನು ಆಡಿ, ಫ್ರಾನ್ಸನ್ನು ಸೋಲಿಸಿತು. ಮುಂದೆ 1966, 1974 ಮತ್ತು 1987ರಲ್ಲಿ ಭಾರತ ಫೈನಲ್ ತಲುಪಿತು. 1974ರ ಫೈನಲ್ ನಡೆಯಲೇ ಇಲ್ಲ. ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯನ್ನು ವಿರೋಧಿಸಿ ಭಾರತ ಆಡಲು ನಿರಾಕರಿಸಿ ಕಪ್ ಬಿಟ್ಟುಕೊಟ್ಟಿತು. ಆಟಗಾರ ಎಷ್ಟೇ ದೊಡ್ಡವನಿದ್ದರೂ ದೇಶದ ಹೆಸರಿನಲ್ಲಿ ಅಂಗಣಕ್ಕಿಳಿಯುವ ನಿರ್ಧಾರ ಅವನೊಬ್ಬನದಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಾಣದು. ನಮ್ಮ ಪಕ್ಕದ ಕೊಡಗಿನ ಕಾಫಿ ಸೀಮೆಯಲ್ಲಿ ಬೆಳೆದು, 2024ರಲ್ಲಿ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದ ರೋಹನ್ ಬೋಪಣ್ಣ ಅವರೂ ಡೇವಿಸ್ ಕಪ್ ಆಡಿದ್ದು ಇದೇ ಸಂಸ್ಥೆಯ ಮೂಲಕ.

ಸಂಸ್ಥೆಯ ಕೇಂದ್ರ ದೆಹಲಿಯಲ್ಲಿದೆ. ಆದರೆ ಅದು ರಾಜ್ಯ ಸಂಸ್ಥೆಗಳ ಒಕ್ಕೂಟವಾಗಿರುವುದರಿಂದ ಹಾಸನದವರಿಗೆ ಹತ್ತಿರದ ಬಾಗಿಲು ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯದು. ದೆಹಲಿಯವರು ಕೈಬಿಟ್ಟ 'ಲಾನ್' ಇಲ್ಲಿ ಇನ್ನೂ ಉಳಿದಿದೆ. ರಾಷ್ಟ್ರೀಯ ನೋಂದಣಿ ಆನ್‌ಲೈನ್‌ನಲ್ಲಿ ನಡೆಯುತ್ತದೆ. ರಾಜ್ಯ ಮಟ್ಟದ ಟೂರ್ನಿಗಳ ವಿಚಾರವನ್ನು ಮಾತ್ರ ರಾಜ್ಯ ಸಂಸ್ಥೆಯಲ್ಲಿಯೇ ಕೇಳಬೇಕು.

ಈಗ ಕಾಗದಪತ್ರದ ಮಾತು. ಕಿರಿಯರ ಟೆನಿಸ್ ಪೂರ್ತಿ ನಿಂತಿರುವುದು ವಯೋಮಿತಿಯ ಮೇಲೆ. 12, 14, 16 ಮತ್ತು 18 ವರ್ಷದೊಳಗಿನವರೆಂಬ ನಾಲ್ಕು ವಿಭಾಗಗಳಿದ್ದು, ವಯಸ್ಸು ಮುಚ್ಚಿಟ್ಟು ಆಡಿಸುವ ಹಳೆಯ ಚಾಳಿಯ ಕಾರಣದಿಂದ ಜನನ ಪ್ರಮಾಣಪತ್ರವನ್ನು ಕೂಲಂಕಷವಾಗಿ ನೋಡುತ್ತಾರೆ. ನನ್ನ ಮಗಳ ಪತ್ರವನ್ನು ತೆಗೆದು ನೋಡಿದಾಗ ತಂದೆ, ತಾಯಿ, ಆಸ್ಪತ್ರೆ, ದಿನಾಂಕ ಎಲ್ಲವೂ ಇದ್ದು ಮಗುವಿನ ಹೆಸರಿನ ಮುಂದೆ ಮಾತ್ರ ಒಂದು ಸಣ್ಣ ಗೀಟು ಎಳೆದಿತ್ತು. ಜನನ ನೋಂದಣಿ 21 ದಿನಗಳೊಳಗೆ ಆಗಬೇಕು. ನಮ್ಮಲ್ಲಿ ನಾಮಕರಣ ಅದಕ್ಕಿಂತ ತಡವಾಗಿ ಆಗುವುದುಂಟು. ಹೀಗಾಗಿ ಗೀಟು ಹಾಗೆಯೇ ಉಳಿದುಬಿಡುತ್ತದೆ. ಹೆಸರು ಸೇರಿಸುವುದು ಕಷ್ಟವಲ್ಲ, ಜನನ ನೋಂದಣಿಯಾದ ಕಚೇರಿಯಲ್ಲೇ ಅರ್ಜಿ ಕೊಡಬೇಕು. ಮಗು ಹುಟ್ಟಿದ್ದು ತಾಯಿಯ ತವರಾದ ಅರಸೀಕೆರೆಯಲ್ಲಾದರೆ ಅರಸೀಕೆರೆಗೇ ಹೋಗಬೇಕೇ ಹೊರತು ಹಾಸನದಲ್ಲಿ ಕೇಳಿ ಪ್ರಯೋಜನವಿಲ್ಲ. ಜನನವೇ ನೋಂದಣಿಯಾಗದೆ ವರ್ಷ ಕಳೆದಿದ್ದರೆ ದಾರಿ ಉದ್ದ. ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ, ಅಷ್ಟು ತಡವಾದ ಪತ್ರದ ಬಗ್ಗೆ ಟೆನಿಸ್ ಸಂಸ್ಥೆ ಹೆಚ್ಚಿನ ವಿವರಣೆ ಕೇಳಿದರೆ ಅಚ್ಚರಿಪಡಬೇಕಾಗಿಲ್ಲ.

ಇನ್ನೊಂದು ತೊಡಕು ಇನಿಷಿಯಲ್‌ನದು. ಶಾಲೆಯಲ್ಲಿ 'ಎಚ್.ಎಸ್.' ಎಂದು ಮೊದಲಿಗೆ, ಆಧಾರ್‌ನಲ್ಲಿ ಅದೇ ಅಕ್ಷರಗಳು ಕೊನೆಗೆ, ಜನನ ಪತ್ರದಲ್ಲಿ ಅವು ಇಲ್ಲವೇ ಇಲ್ಲ. ಹೀಗೆ ಒಂದೇ ಮಗುವಿಗೆ ಮೂರು ಹೆಸರಿರುತ್ತವೆ. ಮೊದಲು ಜನನ ಪತ್ರವನ್ನು ಸರಿಮಾಡಿಸಿ, ಆಮೇಲೆ ಆಧಾರ್‌ ಅನ್ನು ಅದಕ್ಕೆ ಹೊಂದಿಸಿ, ಕೊನೆಗೆ ಟೆನಿಸ್ ಅರ್ಜಿಯಲ್ಲಿ ಅದೇ ಅಕ್ಷರಗಳನ್ನು ಬರೆಯುವುದು ಒಳ್ಳೆಯದು. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಎರಡೆರಡು ಸಲ ಅಲೆಯಬೇಕಾಗುತ್ತದೆ. ಇಷ್ಟು ಸಿದ್ಧವಾಗಿದ್ದರೆ ಅರ್ಜಿ ತುಂಬುವುದು ಒಂದು ಸಂಜೆಯ ಕೆಲಸ. ಇ-ಮೇಲ್ ಮಾತ್ರ ಸೈಬರ್ ಸೆಂಟರಿನವರದನ್ನು ಕೊಡದೆ ನಿಮ್ಮದನ್ನೇ ಕೊಡಿ, ಏಕೆಂದರೆ ಮುಂದಿನ ಪ್ರವೇಶಗಳಿಗೆಲ್ಲ ಅದೇ ಖಾತೆ ಬೇಕಾಗುತ್ತದೆ.

ನಂಬರ್ ಬಂದ ಮೇಲೆ ಟೂರ್ನಿಯ ಆಯ್ಕೆ. ಟ್ಯಾಲೆಂಟ್ ಸೀರೀಸ್, ಚಾಂಪಿಯನ್‌ಷಿಪ್ ಸೀರೀಸ್, ಸೂಪರ್ ಸೀರೀಸ್, ನ್ಯಾಷನಲ್ ಸೀರೀಸ್ ಎಂದು ಮೆಟ್ಟಿಲುಗಳಿದ್ದು, ಮೇಲಿನ ಮೆಟ್ಟಿಲಿನ ಗೆಲುವಿಗೆ ಹೆಚ್ಚು ಅಂಕ ಸಿಗುತ್ತದೆ. ಹೊಸಬರು ಕೆಳಗಿನಿಂದಲೇ ಶುರುಮಾಡುವುದು ವಿವೇಕ. ಮೊದಲ ಸುತ್ತಿನಲ್ಲೇ ಸೋತು ವಾಪಸ್ ಬರಲೆಂದು ಮಗುವನ್ನು ದೂರದ ಊರಿಗೆ ಕರೆದೊಯ್ಯುವುದರಲ್ಲಿ ಅರ್ಥವಿಲ್ಲ. ಪ್ರತಿ ಟೂರ್ನಿಗೂ ಫ್ಯಾಕ್ಟ್ ಶೀಟ್ ಎಂಬ ಮಾಹಿತಿ ಹಾಳೆ ಪ್ರಕಟವಾಗುತ್ತದೆ. ಅದರಲ್ಲಿ ಪ್ರವೇಶದ ಕೊನೆಯ ದಿನ, ಹಿಂತೆಗೆತದ ಕೊನೆಯ ದಿನ, ಸೈನ್-ಇನ್ (ಆಡಲು ಬಂದಿದ್ದೇವೆಂದು ಹೆಸರು ದಾಖಲಿಸುವ) ಸಮಯ, ಕೋರ್ಟ್ ಮಣ್ಣಿನದೋ ಗಟ್ಟಿ ನೆಲದ್ದೋ ಎಂಬ ಈ ನಾಲ್ಕು ಸಂಗತಿಗಳನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿಟ್ಟುಕೊಳ್ಳಿ. ಹಿಂತೆಗೆತದ ದಿನ ದಾಟಿದ ಮೇಲೆ ಸುಮ್ಮನೆ ಹೋಗದೆ ಉಳಿದರೆ ದಂಡ ಬೀಳುತ್ತದೆ. ಅರ್ಹತಾ ಸುತ್ತಿನ ಸೈನ್-ಇನ್ ಹಲವು ಕಡೆ ಹಿಂದಿನ ದಿನವೇ ಮುಗಿಯುವುದರಿಂದ, ಪಂದ್ಯದ ದಿನ ಬೆಳಗ್ಗೆ ಕುಣಿಗಲ್ ಮಾರ್ಗದ ರೈಲು ಹಿಡಿದು ಬೆಂಗಳೂರಿಗೆ ಇಳಿಯುತ್ತೇವೆಂಬ ಲೆಕ್ಕ ಕೈಕೊಡುತ್ತದೆ. ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ತಂಗುವುದೇ ಕ್ಷೇಮ. ನೆಲದ ವಿಷಯ ನಮ್ಮ ಸೀಮೆಯವರಿಗೆ ಮುಖ್ಯ. ಸಕಲೇಶಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ಕೋರ್ಟ್ ಒದ್ದೆಯಾಗಿಯೇ ಇರುತ್ತದೆ. ಮಳೆಗಾಲವಿಡೀ ಆಡದ ಮಗುವನ್ನು ಅಕ್ಟೋಬರ್ ಮೊದಲ ವಾರದ ಟೂರ್ನಿಗೆ ಹಾಕುವ ಬದಲು ತಿಂಗಳು ಬಿಟ್ಟು ಹಾಕಿ.

ಹತ್ತು ವರ್ಷದೊಳಗಿನ ಮಕ್ಕಳಿಗೆ ಇಷ್ಟೆಲ್ಲ ಬೇಡವೇ ಬೇಡ. ಅವರಿಗೆಂದೇ ಮೃದುವಾದ ಚೆಂಡುಗಳಿವೆ: ಸಾಧಾರಣ ಹಳದಿ ಚೆಂಡಿಗಿಂತ ಕೆಂಪು ಶೇ 75, ಕಿತ್ತಳೆ ಶೇ 50, ಹಸಿರು ಚುಕ್ಕಿಯದು ಶೇ 25ರಷ್ಟು ನಿಧಾನ. ಚಿಕ್ಕ ಕೋರ್ಟಿನಲ್ಲಿ ಇವುಗಳಿಂದ ಕಲಿತ ಕೈ, ಪೂರ್ತಿ 78 ಅಡಿ ಉದ್ದದ ಕೋರ್ಟಿಗೆ ಬಂದಾಗ ತಡವರಿಸುವುದು ಕಡಿಮೆ.

ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ ಕಿರಿಯರ ಟೂರ್ನಿಗಳಿಗೆ ಐಪಿನ್ ಎಂಬ ಬೇರೆಯದೇ ನೋಂದಣಿ ಇದೆ. 13 ತುಂಬದೆ ಆ ಟೂರ್ನಿಗಳನ್ನು ಆಡುವಂತಿಲ್ಲ. ಹನ್ನೊಂದರ ಮಗುವಿಗೆ ಅದನ್ನು ಈಗಲೇ ಮಾಡಿಸಿಕೊಡುತ್ತೇನೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.