‘ಕೊಡು’ ಎಂದು ಗದರಿಸದೆ ಹಂಚಿಕೊಳ್ಳಲು ಕಲಿಸುವುದು ಹೇಗೆ?

ನೆಂಟರ ಮಗು ಆಟಿಕೆಗೆ ಕೈ ಹಾಕಿದೊಡನೆ ‘ನಂದು, ಕೊಡಲ್ಲ’ ಎಂದು ಕಿರುಚುವ ಮೂರು ವರ್ಷದ ಮಗುವನ್ನು ಸ್ವಾರ್ಥಿ ಎಂದು ಕರೆಯುವುದು ಸರಿಯಲ್ಲ. ತನ್ನ ಮನಸ್ಸಿನಲ್ಲಿರುವುದು ಬೇರೆ, ಎದುರಿನವರ ಮನಸ್ಸಿನಲ್ಲಿರುವುದು ಬೇರೆ ಎಂಬ ಅರಿವು ಮಕ್ಕಳಲ್ಲಿ ಸ್ಪಷ್ಟವಾಗುವುದು ಸಾಮಾನ್ಯವಾಗಿ ನಾಲ್ಕು ವರ್ಷದ ಆಸುಪಾಸಿನಲ್ಲಿ. ಹಾಗೆಂದು ದಯೆಯೇ ಇರುವುದಿಲ್ಲ ಎಂದಲ್ಲ. ಅಪರಿಚಿತರು ಕೈತಪ್ಪಿ ಬೀಳಿಸಿದ ವಸ್ತುವನ್ನು ಹದಿನೆಂಟು ತಿಂಗಳ ಕೂಸುಗಳೂ ತಾವಾಗಿಯೇ ಎತ್ತಿಕೊಡುತ್ತವೆ ಎಂಬುದನ್ನು ಮನೋವಿಜ್ಞಾನಿಗಳಾದ ಫೆಲಿಕ್ಸ್ ವಾರ್ನೆಕನ್ ಮತ್ತು ಮೈಕೆಲ್ ಟೊಮಸೆಲ್ಲೊ 2006ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು.

ಮೊದಲು ಮಾಡಬೇಕಾದದ್ದು, ಅತಿಥಿಗಳು ಬರುವ ಮುನ್ನವೇ, ಯಾರಿಗೂ ಕೊಡಲು ಮನಸ್ಸಿಲ್ಲದ ಒಂದೆರಡು ಆಟಿಕೆಗಳನ್ನು ಮಗುವೇ ಆರಿಸಿ ಬೀರುವಿನೊಳಗೆ ಎತ್ತಿಡುವಂತೆ ಹೇಳುವುದು. ತನ್ನದು ಭದ್ರವಾಗಿದೆ ಎಂಬ ನಂಬಿಕೆಯಿದ್ದರೆ ಉಳಿದದ್ದನ್ನು ಕೊಡುವುದು ಅಷ್ಟು ಕಷ್ಟವೆನಿಸುವುದಿಲ್ಲ.

ಎರಡನೆಯದು ಸರದಿ, ಹೆಚ್ಚು ಶ್ರಮ ಬೇಡುವುದೂ ಇದೇ. ‘ಐದು ನಿಮಿಷ ಬಿಟ್ಟು ಕೊಡು’ ಎಂಬ ಮಾತು ಗಡಿಯಾರ ನೋಡಲು ಬಾರದ ಮಗುವಿಗೆ ಅರ್ಥವಾಗುವುದಿಲ್ಲ; ಆದ್ದರಿಂದ ಕಣ್ಣಿಗೆ ಕಾಣುವ, ಬಾಯಿಂದ ಎಣಿಸಬಹುದಾದ ಅಳತೆಯನ್ನು ಇಟ್ಟುಕೊಳ್ಳಬೇಕು. ಮೂರು ಗಾಲಿಯ ಸೈಕಲ್ಲಾದರೆ ತುಳಸಿಕಟ್ಟೆಯ ಸುತ್ತ ಮೂರು ಸುತ್ತು, ಉಯ್ಯಾಲೆಯಾದರೆ ಹತ್ತು ಜೀಕು. ಕಾಯುತ್ತಿರುವ ಮಗುವಿಗೇ ಎಣಿಸುವ ಕೆಲಸ ಕೊಟ್ಟರೆ ಅಳು ಅರ್ಧ ಕಡಿಮೆಯಾಗುತ್ತದೆ. ಸುತ್ತು ಮುಗಿದರೂ ಇಳಿಯದೆ ಹಟ ಹಿಡಿದರೆ, ಕಿತ್ತುಕೊಂಡು ಇನ್ನೊಬ್ಬರಿಗೆ ಕೊಡುವ ಬದಲು ಹ್ಯಾಂಡಲ್ ಹಿಡಿದು ನಿಂತು ‘ಈಗ ಅಕ್ಕನ ಸರದಿ, ಆಮೇಲೆ ಮತ್ತೆ ನಿನ್ನದು’ ಎಂದು ಶಾಂತವಾಗಿ ಹೇಳಿ ಕಾಯಬೇಕು. ಹಿರಿಯರೇ ಕಿತ್ತುಕೊಂಡರೆ, ಬಲವಿದ್ದವರು ಕಿತ್ತುಕೊಳ್ಳಬಹುದು ಎಂಬ ಪಾಠವಷ್ಟೇ ಮಗುವಿಗೆ ಸಿಗುತ್ತದೆ.

ತಿಂಡಿಯ ವಿಷಯದಲ್ಲಿ ಒಬ್ಬರು ಎರಡು ಪಾಲು ಮಾಡಲಿ, ಇನ್ನೊಬ್ಬರು ಮೊದಲು ಆರಿಸಲಿ. ನಾಲ್ಕು ದಾಟಿದ ಮಕ್ಕಳು ಕೊಬ್ಬರಿ ಮಿಠಾಯಿಯನ್ನು ಎಷ್ಟು ನಿಖರವಾಗಿ ಮುರಿಯುತ್ತಾರೆಂದು ಆಗ ನೋಡಬೇಕು. (ಅಂಗಿಯ ಅಂಚಿನಲ್ಲಿ ಸುತ್ತಿ ಕಚ್ಚಿ ಕೊಡುವ ಗುಬ್ಬಿ ಎಂಜಲು ಹಿಂದಿನವರ ಉಪಾಯ, ಅಂಗಿ ಶುಚಿಯಾಗಿದ್ದರೆ ಆಕ್ಷೇಪವೇನಿಲ್ಲ.) ಸಂಕ್ರಾಂತಿಯಲ್ಲಿ ಎಳ್ಳು ಬೀರಲು ಹೋಗುವಾಗ, ಒಂದಿಷ್ಟು ಚೆಲ್ಲಿದರೂ ಸರಿ, ಎಳ್ಳು ಬೆಲ್ಲದ ಪೊಟ್ಟಣವನ್ನು ಮಗುವಿನ ಕೈಯಿಂದಲೇ ಕೊಡಿಸಬೇಕು. ಅಂಗನವಾಡಿಯಲ್ಲಾದರೆ ಊಟದ ತಟ್ಟೆ ಹಂಚುವ ಕೆಲಸವನ್ನು ದಿನಕ್ಕೊಬ್ಬರಿಗೆ ವಹಿಸಬಹುದು.

ಮಗು ಕೊಟ್ಟಾಗ ಚಾಕೊಲೇಟ್ ಬಹುಮಾನ ಬೇಡ. ನೆರವಾದುದಕ್ಕೆ ವಸ್ತುವಿನ ಬಹುಮಾನ ಪಡೆದ ಇಪ್ಪತ್ತು ತಿಂಗಳ ಮಕ್ಕಳು ಅನಂತರ ನೆರವಾಗುವುದೇ ಕಡಿಮೆಯಾಯಿತು ಎಂದು ಅದೇ ಸಂಶೋಧಕರು 2008ರಲ್ಲಿ ಕಂಡುಕೊಂಡರು. ‘ಜಾಣಮರಿ’ ಎಂಬ ಹೊಗಳಿಕೆಗಿಂತ ‘ನೀನು ಚೆಂಡು ಕೊಟ್ಟೆಯಲ್ಲ, ತಮ್ಮನ ಮುಖ ನೋಡು, ಹೇಗೆ ನಗುತ್ತಿದ್ದಾನೆ’ ಎಂಬ ಮಾತು ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ಅದು ಮಗುವಿನ ಗಮನವನ್ನು ಪಡೆದವರ ಕಡೆಗೆ ತಿರುಗಿಸುತ್ತದೆ.

ಜಗಳ ಹೊಡೆತಕ್ಕೆ ತಿರುಗಿದರೆ ಇಬ್ಬರನ್ನೂ ಬಿಡಿಸಿ, ಪೆಟ್ಟು ತಿಂದ ಮಗುವನ್ನು ಮೊದಲು ವಿಚಾರಿಸಬೇಕು. ಹೊಡೆದ ಮಗುವಿನಿಂದ ಬಲವಂತವಾಗಿ ‘ಸಾರಿ’ ಹೇಳಿಸುವುದಕ್ಕಿಂತ, ಒದ್ದೆ ಬಟ್ಟೆ ತಂದುಕೊಡುವಂತೆಯೋ ಬಿದ್ದ ಗೊಂಬೆಯನ್ನು ಎತ್ತಿಕೊಡುವಂತೆಯೋ ಹೇಳುವುದು ಒಳ್ಳೆಯದು; ಆ ವಯಸ್ಸಿನಲ್ಲಿ ಬಾಯಿಗಿಂತ ಕೈ ಬೇಗ ಒಪ್ಪುತ್ತದೆ.