ಅಂಗಿ ಗುಂಡಿ ತುಂಬಿದ ಮಾತ್ರೆ ಸ್ಟ್ರಿಪ್ಪು: ಕಾಲೇಜಿನೊಳಗೆ ಮೆಡಿಕಲ್ ಶಾಪ್ ನಡೆಸಿದ ನನ್ನ ಅನುಭವ

ಹೋದ ತಿಂಗಳು ನಮ್ಮೂರಿನ ಒಬ್ಬ ಮೆಡಿಕಲ್ ಶಾಪಿನವರು ಫೋನ್ ಮಾಡಿ, "ಸಾರ್, ಈ ಸಲ ಟ್ರೇನಿಂಗಿಗೆ ನಿಮ್ಮ ಹುಡುಗರನ್ನೇ ಕಳಿಸಿ" ಅಂದರು. ಇದೇ ಮನುಷ್ಯ ನಾಲ್ಕು ವರ್ಷದ ಹಿಂದೆ, "ಹುಡುಗರು ಬಂದು ಅಡ್ಡಡ್ಡ ನಿಲ್ತಾರೆ ಸಾರ್. ಸುಮ್ನೆ ಫಾರಂ ಕಳಿಸಿ, ಸೀಲ್ ಒತ್ತಿ ಕೊಡ್ತೀನಿ" ಅಂದಿದ್ದರು. ಆಗ ನನಗೆ ಸಿಟ್ಟು ಬಂದಿತ್ತು. ಆದರೆ ಅವರ ಮಾತು ಸುಳ್ಳಾಗಿರಲಿಲ್ಲ.

ನಾನು 12 ವರ್ಷ ಕೌಂಟರಿನಲ್ಲಿ ನಿಂತು ಆಮೇಲೆ ಫಾರ್ಮಸಿ ಡಿಪ್ಲೊಮಾ (ಡಿ.ಫಾರ್ಮ್) ಕಾಲೇಜಿಗೆ ಪಾಠ ಮಾಡಲು ಬಂದವನು. ಡಿ.ಫಾರ್ಮ್ ಮೇಷ್ಟ್ರುಗಳಿಗೆ ಹುಡುಗರು ಮೆಡಿಕಲ್ ಶಾಪಿನಂಥ ಕಡೆ ನಿಂತು ಮಾಡಬೇಕಾದ 500 ಗಂಟೆ ಟ್ರೇನಿಂಗಿನ ಕತೆ ಬಿಡಿಸಿ ಹೇಳಬೇಕಾಗಿಲ್ಲ. ಕಾಗದದ ಮೇಲೆ 500, ಅಂಗಡಿಯಲ್ಲಿ 50 ಆದರೆ ಪುಣ್ಯ. ನಮ್ಮ ಹುಡುಗರು ಕ್ಯಾಲಮೈನ್ ಲೋಷನ್ ಚೆನ್ನಾಗಿ ಮಾಡುತ್ತಾರೆ. ಕಲ್ಬತ್ತಿನಲ್ಲಿ ಎಣ್ಣೆ-ನೀರಿನ ಎಮಲ್ಷನ್ನು ಚಟಚಟ ಅನ್ನುವವರೆಗೆ ಅರೆಯುತ್ತಾರೆ. ಆದರೆ ಹತ್ತು ಮಾತ್ರೆಯ ಸ್ಟ್ರಿಪ್ ಕೊಟ್ಟು ಆರು ಕತ್ತರಿಸಿ ಕೊಡು ಅಂದರೆ, ಎಕ್ಸ್‌ಪೈರಿ ಇರುವ ತುದಿಯನ್ನೇ ಕತ್ತರಿಸಿ ಗಿರಾಕಿಗೆ ಕೊಟ್ಟುಬಿಡುತ್ತಾರೆ. ಉಳಿದ ನಾಲ್ಕು ಮಾತ್ರೆ ಯಾವ ಬ್ಯಾಚಿನದು, ಯಾವಾಗ ಹಾಳಾಗುತ್ತದೆ, ದೇವರಿಗೇ ಗೊತ್ತು.

ಹಾಗಾಗಿ ಕಾಲೇಜಿನ ಹಳೇ ಸ್ಟೋರ್ ರೂಮಿನಲ್ಲಿ ಒಂದು ಡಮ್ಮಿ ಅಂಗಡಿ ಹಾಕೋಣ ಅಂದುಕೊಂಡೆ. ಮುಚ್ಚುತ್ತಿದ್ದ ಒಂದು ಮೆಡಿಕಲ್‌ನಿಂದ ಗಾಜಿನ ರ್‍ಯಾಕ್ ಚೌಕಾಸಿ ಮಾಡಿ ತಂದೆ, 6,500 ಇರಬೇಕು. ಕೌಂಟರಿಗೆ ಬಡಗಿ 11 ಸಾವಿರ ತಗೊಂಡ. ಬಣ್ಣ, ಲೈಟು, ಗಾಡಿ ಬಾಡಿಗೆ ಎಲ್ಲಾ ಸೇರಿ 22-23 ಸಾವಿರ ಆಯ್ತು. ಆಡಳಿತ ಮಂಡಳಿ ಕೊಟ್ಟಿದ್ದು 10 ಸಾವಿರ. ಉಳಿದದ್ದು ನನ್ನ ಜೇಬಿನದು. "ಆ ದುಡ್ಡಲ್ಲಿ ಒಂದು ಹೊಸ ಫ್ರಿಜ್ ಬರ್ತಿತ್ತಲ್ರೀ" ಅಂದಳು ಹೆಂಡತಿ. ಬರುತ್ತಿತ್ತು, ನಿಜ.

ಮೊದಲ ಸಲ 400 ಖಾಲಿ ಡಬ್ಬಿ ಜೋಡಿಸಿದೆ. ಒಂದೇ ವಾರದಲ್ಲಿ ಹುಡುಗರು ಯಾವ ಡಬ್ಬಿ ಎಲ್ಲಿದೆ ಅಂತ ಬಾಯಿಪಾಠ ಮಾಡಿಬಿಟ್ಟರು. ಚೀಟಿ ಬರೆಯುತ್ತಿದ್ದವನು ನಾನೇ, ನನ್ನ ಅಕ್ಷರ ದುಂಡಗೆ. ಲೈಬ್ರರಿಯಲ್ಲಿ ಪುಸ್ತಕ ತೆಗೆದುಕೊಟ್ಟ ಹಾಗೆ ಡಬ್ಬಿ ತೆಗೆದು ಕೊಡುತ್ತಿದ್ದರು. ಡಬ್ಬಿಯೊಳಗೆ ಸ್ಟ್ರಿಪ್ಪೇ ಇಲ್ಲದಿದ್ದರೆ ಎಕ್ಸ್‌ಪೈರಿ ಯಾರು ನೋಡುತ್ತಾರೆ?

ಸರಿ, ನಿಜವಾದ ಸ್ಟ್ರಿಪ್ಪೇ ಬೇಕು ಅಂತ ಪರಿಚಯದ ಅಂಗಡಿಗಳಿಂದ ಡೇಟ್ ಮುಗಿದ ಮಾಲು ಒಂದು ಚೀಲ ತಂದೆ. ಇದು ನನ್ನ ದೊಡ್ಡ ದಡ್ಡತನ. ಒಂದು ಸಂಜೆ ಎಣಿಸಿದರೆ ಪ್ಯಾರಾಸಿಟಮಾಲ್ ಎರಡು ಕಮ್ಮಿ. ವಿಚಾರಿಸಿದರೆ ಒಬ್ಬ ಹುಡುಗ ತಲೆನೋವು ಅಂತ ನುಂಗಿದ್ದಾನೆ! ಅವನಿಗೆ ಏನೂ ಆಗಲಿಲ್ಲ, ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನವೇ ಅಷ್ಟನ್ನೂ ವಾಪಸ್ ಮಾಡಿದೆ. ಯಾರೂ ಈ ದಾರಿ ಹಿಡಿಯಬೇಡಿ.

ಆಮೇಲೆ ಮನೆಮನೆಯಿಂದ ಬಳಸಿ ಬಿಸಾಡಿದ ಸ್ಟ್ರಿಪ್ ತರಿಸಿದೆ. ಖಾಲಿ ಗುಳಿಗಳಿಗೆ ಪೆಪ್ಪರಮೆಂಟ್ ತುಂಬಿ ಹಿಂದೆ ಟೇಪ್ ಹಚ್ಚಿದೆವು. ನಾಲ್ಕೇ ದಿನದಲ್ಲಿ ರ್‍ಯಾಕ್ ತುಂಬಾ ಇರುವೆ. ಸಬ್ಬಕ್ಕಿ ಹಾಕಿದೆವು, ಅದು ಟೇಪಿನ ಸಂದಿಯಿಂದ ಉದುರಿ ನೆಲವೆಲ್ಲಾ ಸಬ್ಬಕ್ಕಿ. ಕೊನೆಗೆ ಹೊಳೆದದ್ದು ಅಂಗಿ ಗುಂಡಿ. ಟೇಲರ್ ಸಾಮಾನಿನ ಅಂಗಡಿಯಲ್ಲಿ ಒಂದು ಗ್ರೋಸ್ ಗುಂಡಿಗೆ 60-70 ರೂಪಾಯಿ. ಇರುವೆ ಬರಲ್ಲ, ಯಾರೂ ನುಂಗಲ್ಲ. ಇವತ್ತಿಗೂ ಅದೇ ನಡೆಯುತ್ತಿದೆ. ಸ್ಟ್ರಿಪ್ ನಿಜವಾದದ್ದೇ ಆಗಿರುವುದರಿಂದ ಬ್ಯಾಚ್, ಎಕ್ಸ್‌ಪೈರಿ, ಚೀಟಿ ಇಲ್ಲದೇ ಕೊಡಬಾರದು ಅನ್ನುವ ಕೆಂಪು ಗೆರೆ ಎಲ್ಲಾ ಓದಬಹುದು.

ಅಂಗಡಿ ಸಿದ್ಧವಾಯ್ತು. ಗಿರಾಕಿ? ಡಿ.ಫಾರ್ಮಿನ 2020ರ ರೆಗ್ಯುಲೇಷನ್ನಿನ ಸಿಲಬಸ್ಸಿನಲ್ಲಿ ಕಮ್ಯುನಿಟಿ ಫಾರ್ಮಸಿಗೆ, ಅಂದರೆ ಮೆಡಿಕಲ್ ಶಾಪ್ ಕೆಲಸದ ಪಾಠಕ್ಕೆ, ರೋಲ್ ಪ್ಲೇ ಇದೆಯಲ್ಲ, ಅದನ್ನೇ ಮಾಡಿಸಿದೆ. ಒಬ್ಬ ಫಾರ್ಮಸಿಸ್ಟ್, ಇನ್ನೊಬ್ಬ ರೋಗಿ. ರೋಗಿ ಬಂದು "ನನಗೆ ಮಧುಮೇಹವಿದೆ" ಅನ್ನುತ್ತಾನೆ. ನಮ್ಮೂರಲ್ಲಿ ಯಾರಿಗ್ರೀ ಮಧುಮೇಹ? ಇರೋದೆಲ್ಲಾ ಶುಗರ್ರೇ. ಮುಂದಿನ ಬೆಂಚಿನವರು ಕಿಸಿಕಿಸಿ ನಗೋದು, ಹಿಂದಿನವರು ಮೊಬೈಲ್ ನೋಡೋದು. ಸ್ಟಾಫ್ ರೂಮಿನಲ್ಲಿ ಒಬ್ಬರು, "ಏನ್ಸಾರ್, ನಾಟಕ ಕಂಪನಿ ಹೆಂಗೆ ನಡೀತಿದೆ?" ಅಂತ ಕೇಳೋಕೆ ಶುರು ಮಾಡಿದರು. ಹಣ ಹೋಯ್ತು, ಮರ್ಯಾದೆಯೂ ಹೋಯ್ತು. ಎರಡು ತಿಂಗಳು ಆ ರೂಮಿಗೆ ಬೀಗ.

ಬೀಗ ತೆಗೆಸಿದ್ದು ನಮ್ಮ ಕ್ಯಾಂಟೀನಿನ ಅಕ್ಕ. ಅವರಿಗೆ ಶುಗರ್, ಇನ್ಸುಲಿನ್ ತಗೋತಾರೆ. ಒಂದು ಶನಿವಾರ ತಮಾಷೆಗೆ "ಬನ್ನಿ ಅಕ್ಕಾ, ನಮ್ಮ ಅಂಗಡಿಗೊಂದು ಗಿರಾಕಿ ಆಗಿ" ಅಂದೆ. ಕೈ ಒರೆಸಿಕೊಂಡು, ಪರ್ಸಿನಿಂದ ತಮ್ಮ ಖಾಲಿ ಬಾಟ್ಲಿ ತೆಗೆದುಕೊಂಡೇ ಬಂದರು.

"ತಮ್ಮಾ, ಇದರ ಸೂಜಿ ಕೊಡು. ಬೇಗ ಕೊಡಪ್ಪಾ, ಒಲೆ ಮೇಲೆ ಸಾರೈತೆ."

ಕೌಂಟರಿನಲ್ಲಿ ಇದ್ದವನು ಕ್ಲಾಸಿಗೆ ಫಸ್ಟು. ಡಬ್ಬಿಗೆ ಕೈ ಹಾಕಿ ಒಂದು ಸಿರಿಂಜ್ ತೆಗೆದುಕೊಟ್ಟ. ಕಿತ್ತಳೆ ಮುಚ್ಚಳದ್ದು. ಅಕ್ಕ ತಿರುಗಿಸಿ ನೋಡಿದರು.

"ನಂಗೆ ಯಾವಾಗ್ಲೂ ಕೆಂಪು ಮುಚ್ಚಳದ್ದು ಕೊಡ್ತಾರಲ್ಲೋ?"

"ಎರಡೂ ಒಂದೇ ಅಕ್ಕಾ."

ರೂಮು ಗಪ್‌ಚುಪ್. ಬಾಟ್ಲಿ ಮೇಲೆ 40 ಐಯು, ಅಂದರೆ ಒಂದು ಎಂಎಲ್‌ಗೆ 40 ಯೂನಿಟ್ಟು, ಅಂತ ದಪ್ಪಕ್ಕೆ ಇದೆ. ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜೇ ಬೇಕು. ಅವನ ಕೈಲಿರೋದು 100ರ ಸಿರಿಂಜು. ಅದರಲ್ಲಿ 20ರ ಗೆರೆವರೆಗೆ ಎಳೆದರೆ ಅಕ್ಕನ ಮೈಗೆ ಹೋಗೋದು 20ರ ಬದಲು 8 ಯೂನಿಟ್ಟು. ಅದೇ ಹುಡುಗ ಹಿಂದಿನ ವಾರದ ಟೆಸ್ಟಿನಲ್ಲಿ ಇದೇ ಪ್ರಶ್ನೆಗೆ ಪೂರ್ತಿ ಮಾರ್ಕ್ಸ್ ತೆಗೆದಿದ್ದ. ಉತ್ತರ ಪತ್ರಿಕೆ ತಿದ್ದಿದವನು ನಾನೇ! ಅಕ್ಕ ಅವಸರ ಮಾಡಿದರು, ಇವನ ಕೈ ತಲೆಗಿಂತ ಮುಂದೆ ಓಡಿತು, ಅಷ್ಟೇ.

ಆವತ್ತು ನನಗೆ ಗೊತ್ತಾಯ್ತು. ನನ್ನ ಅಂಗಡಿಯಲ್ಲಿ ಇಲ್ಲದೇ ಇದ್ದದ್ದು ರ್‍ಯಾಕೂ ಅಲ್ಲ, ಸ್ಟ್ರಿಪ್ಪೂ ಅಲ್ಲ. ಒಲೆ ಮೇಲೆ ಸಾರಿಟ್ಟು ಬಂದ ಗಿರಾಕಿ.

ಅಲ್ಲಿಂದ ಹೊರಗಿನವರನ್ನೇ ಕರೆಸತೊಡಗಿದೆ. ಕಾಲೇಜ್ ಬಸ್ಸಿನ ಡ್ರೈವರ್, ವಾಚ್‌ಮನ್, ಪಕ್ಕದ ಬೀದಿಯ ರಿಟೈರ್ಡ್ ಮೇಷ್ಟ್ರು, ಅಕ್ಕನ ಅತ್ತೆ. ಒಬ್ಬರಿಗೆ 50 ರೂಪಾಯಿ, ಮೇಲೆ ಮಂಡಕ್ಕಿ-ಮಿರ್ಚಿ, ಚಾ. ತಿಂಗಳಿಗೆ 1,200ರ ಆಸುಪಾಸು ಖರ್ಚು. ಪ್ರತಿ ಶನಿವಾರ ಸರದಿ ಮೇಲೆ ಕೌಂಟರಿಗೆ ಒಂದು ಸಲಕ್ಕೆ ಇಬ್ಬರೇ ಹುಡುಗರು, ಎದುರಿಗೆ ಐದು ಜನರ ಸಾಲು, 15 ನಿಮಿಷ. ನಾನು ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತೇನೆ, ಬಾಯಿ ಬಿಡುವುದಿಲ್ಲ. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಒಬ್ಬರಿಗೆ ಬಸ್ಸಿಗೆ ಹೊತ್ತಾಗಿರುತ್ತದೆ. ಒಬ್ಬರು ಚೀಟಿ ಇಲ್ಲದೇ ಆ್ಯಂಟಿಬಯಾಟಿಕ್ ಕೇಳುತ್ತಾರೆ. ಒಬ್ಬರು ಹೋದ ವರ್ಷದ ಚೀಟಿ ತಂದು ಆತಂಕಕ್ಕೆ ಕೊಡುವ ಆಲ್ಪ್ರಜೊಲಾಮ್ ಮಾತ್ರೆ ಕೊಡಿ ಅಂತ ಗಂಟು ಬೀಳುತ್ತಾರೆ. ಇಂಥ ಔಷಧಿ ಕೊಟ್ಟಾಗ ಬರೆದಿಡಬೇಕಾದ ಎಚ್1 ರಿಜಿಸ್ಟರ್ ಪಕ್ಕದಲ್ಲೇ ಇದೆ, ಅದನ್ನು ತೆರೆಯುವ ನೆನಪು ಯಾರಿಗಿದೆ ನೋಡೋಣ ಅಂತ. ಸಾಲಿನ ಕೊನೆಯವರ ಕಿವಿಯಲ್ಲಿ ನಾನು ಏನು ಹೇಳಿ ಕಳಿಸುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ನನ್ನ ಹುಡುಗರೂ ಇದನ್ನು ಓದುತ್ತಾರೆ.

ಚೀಟಿ ನಾನು ಬರೆಯುವುದನ್ನು ಬಿಟ್ಟೆ. ಔಷಧಿಯ ಹೆಸರನ್ನು ಓದಲು ಬರುವ ಹಾಗೆ, ಆದಷ್ಟೂ ಕ್ಯಾಪಿಟಲ್ ಅಕ್ಷರದಲ್ಲಿ ಬರೆಯಬೇಕು ಅಂತ 2016ರಲ್ಲೇ ಡಾಕ್ಟರುಗಳಿಗೆ ನಿಯಮ ಬಂದಿದೆ. ಕೌಂಟರಿಗೆ ಬರುವ ಚೀಟಿಗಳಿಗೆ ಅದು ಗೊತ್ತಿಲ್ಲ. ಈಗ ನನ್ನ ಹತ್ತಿರ ಸುಮಾರು 80 ತರದ ಕೈಬರಹದ ಚೀಟಿಗಳಿವೆ, ಒಂದರಲ್ಲೂ ನಿಜವಾದ ರೋಗಿಯ ಹೆಸರಿಲ್ಲ. ಹೇಗೆ ಸಂಪಾದಿಸಿದೆ ಅಂತ ಕೇಳಬೇಡಿ. ಅವುಗಳಲ್ಲಿ ಮೆಥೊಟ್ರೆಕ್ಸೇಟ್ ಇರುವ ಒಂದು ಚೀಟಿ ಪ್ರತಿ ಬ್ಯಾಚಿಗೂ ಬಂದೇ ಬರುತ್ತದೆ. ಕೀಲುವಾತಕ್ಕೆ ವಾರಕ್ಕೊಂದು ಸಲದ್ದು. ಮೊದಲ ತಿಂಗಳು ಅರ್ಧ ಕ್ಲಾಸು ಕವರಿನ ಮೇಲೆ 1-0-0, ಅಂದರೆ ದಿನಾ ಬೆಳಿಗ್ಗೆ ಒಂದು, ಅಂತ ಬರೆದು ಕೊಟ್ಟಿತು. ಈಗ ನಮ್ಮಲ್ಲಿ ಯಾವ ದಿನ ಅಂತ ಬರೆಯದೆ ಆ ಕವರ್ ಕೌಂಟರ್ ದಾಟುವ ಹಾಗಿಲ್ಲ. "ಬರೀ ಸೋಮವಾರ" ಅಂತ ಬರೆದು ಕೆಳಗೆ ಗೆರೆ ಎಳೆಯಬೇಕು.

ಇನ್ನೊಂದು ರೂಢಿ ಮಾಡಿಸಿದ್ದು, ಕೊನೆಯಲ್ಲಿ ಕೇಳುವ ಮಾತು. "ಗೊತ್ತಾಯ್ತಾ?" ಅಂದರೆ ಎಲ್ಲರೂ ಹೂಂ ಅಂತಾರೆ. "ಮನೇಲಿ ಹೆಂಗೆ ತಗೋತೀರಿ, ಒಂದ್ಸಲ ನಂಗೆ ಹೇಳಿ" ಅನ್ನಬೇಕು. ಅಕ್ಕನ ಅತ್ತೆ ಓಆರ್‌ಎಸ್ ಪೊಟ್ಟಣ ಹಿಡಿದು, "ಒಂದು ಲೋಟಕ್ಕೆ ಕಲಸಿ ಗಟಗಟ ಕುಡಿಸೋದು" ಅಂದರು. ಅದು ಒಂದು ಲೀಟರಿನ ಪೊಟ್ಟಣ. ಅವರು ನಟನೆ ಮಾಡುತ್ತಿರಲಿಲ್ಲ, ಮನೆಯಲ್ಲಿ ಮೊಮ್ಮಕ್ಕಳಿಗೆ ಹಾಗೇ ಕುಡಿಸುತ್ತಿದ್ದರು. ಆಮೇಲೆ ಕೌಂಟರಿನಲ್ಲಿ ಒಂದು ಖಾಲಿ ನೀರಿನ ಬಾಟ್ಲಿ ಇಟ್ಟೆ. ಲೀಟರ್ ಅಂತ ಬಾಯಲ್ಲಿ ಹೇಳೋದಲ್ಲ, ಕೈಯಲ್ಲಿ ಹಿಡಿದು ತೋರಿಸೋದು.

ನಡುವೆ ಇನ್‌ಹೇಲರಿನ ಹುಚ್ಚು ಹಿಡಿಯಿತು. ಕಂಪನಿ ರೆಪ್ ಒಬ್ಬರನ್ನು ಕಾಡಿ ಔಷಧಿ ಇಲ್ಲದ ಡೆಮೊ ಪಂಪ್ ಮೂರು ತಂದೆ. ಗೋಡೆಗೆ ಕನ್ನಡಿ ಹಾಕಿಸಿ, ಅದರ ಮುಂದೆ ನಿಂತು ಒತ್ತಿಸಿದೆ. ತುಟಿಯ ಬದಿಯಿಂದಲೋ ಮೂಗಿನಿಂದಲೋ ಹೊಗೆಯ ಹಾಗೆ ಹೊರಗೆ ಬಂದರೆ ಕನ್ನಡಿಯಲ್ಲಿ ತಕ್ಷಣ ಕಾಣುತ್ತದೆ. ಮೊದಲ ದಿನ 30 ಜನರಲ್ಲಿ ಸರಿಯಾಗಿ ಎಳೆದವರು ನಾಲ್ಕೋ ಐದೋ. ಅದರಲ್ಲಿ ನಾನಿರಲಿಲ್ಲ. 12 ವರ್ಷ ಪಂಪ್ ಮಾರಿದವನು! ಡ್ರೈವರಣ್ಣ ಅಂತೂ ಪುಡಿಯನ್ನು ಉಸಿರಲ್ಲಿ ಎಳೆದುಕೊಳ್ಳಬೇಕಾದ ರೋಟಾಹೇಲರಿನ ಕ್ಯಾಪ್ಸೂಲನ್ನು ನೀರಲ್ಲಿ ನುಂಗುತ್ತಿದ್ದ ತನ್ನ ತಂದೆಯ ಕತೆ ಹೇಳಿದ. ಅವತ್ತು ಯಾರೂ ನಗಲಿಲ್ಲ.

ಲೆಕ್ಕ ಕೇಳುವವರಿಗೆ: ರ್‍ಯಾಕಿನಲ್ಲಿ ಡೇಟ್ ಮುಗಿದ ಗುಂಡಿ ಸ್ಟ್ರಿಪ್ ಒಂದನ್ನು ಬಚ್ಚಿಡುತ್ತೇನೆ. ಮೊದಲ ತಿಂಗಳು 30ರಲ್ಲಿ 20-22 ಜನ ಅದನ್ನು ನೋಡದೇ ಕೊಟ್ಟಿದ್ದರು. ನಾಲ್ಕನೇ ತಿಂಗಳಿಗೆ ಮೂವರೋ ನಾಲ್ವರೋ. ನಾಟಕ ಕಂಪನಿ ಅಂದವರು ಈಗ ತಮ್ಮ ಸೆಕ್ಷನ್ನಿಗೂ ಶನಿವಾರ ಬಿಟ್ಟುಕೊಡಿ ಅಂತ ಕೇಳುತ್ತಿದ್ದಾರೆ. ಕೊಟ್ಟಿದ್ದೇನೆ, ಮಿರ್ಚಿ ಖರ್ಚು ಅವರದೇ ಅನ್ನೋ ಷರತ್ತಿನ ಮೇಲೆ.

ಸದ್ಯಕ್ಕೆ ತಲೆನೋವು ಫ್ರಿಜ್ಜಿನದು. ಇನ್ಸುಲಿನ್ ಬಾಟ್ಲಿಗೆ ನೀರು ತುಂಬಿ ಇಡಲು ಸೆಕೆಂಡ್ ಹ್ಯಾಂಡ್ ಒಂದನ್ನು 3,000ಕ್ಕೆ ತಂದೆ. 2ರಿಂದ 8 ಡಿಗ್ರಿ ಇರಬೇಕು, ದಿನಕ್ಕೆರಡು ಸಲ ಬರೆದಿಡಬೇಕು ಅಂತ ಹುಡುಗರಿಗೆ ಹೇಳಿದ್ದೇನೆ. ಪಾಪ, ಪ್ರಾಮಾಣಿಕವಾಗಿ ಬರೆದಿಡುತ್ತಿದ್ದಾರೆ: ಬೆಳಿಗ್ಗೆ 7, ಮಧ್ಯಾಹ್ನ 13. ಬಾಗಿಲಿನ ರಬ್ಬರ್ ಹೋಗಿದೆಯಂತೆ, ಬದಲಾಯಿಸೋಕೆ 900 ಕೇಳುತ್ತಿದ್ದಾನೆ. ಮನೆಯಲ್ಲಿ ಇನ್ನೂ ಹೇಳಿಲ್ಲ.