ಡೈರಿ ಜಗಲಿಯಲ್ಲಿ ಬಿಪಿ ಮಾತ್ರೆ

ಬೇಲೂರು ತಾಲ್ಲೂಕಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ನಾನು ಸಿಸ್ಟರ್. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ ನಮ್ಮ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಒಂದು ದಿನವೂ ಬಾಗಿಲು ಹಾಕಲಿಲ್ಲ. ಬಸ್ಸು ನಿಂತಿತು. ಅಷ್ಟಕ್ಕೇ ಆಸ್ಪತ್ರೆ ಭಣಭಣ. ಹಾಸನ ಜಿಲ್ಲೆಯಲ್ಲಿ ಮೇ ತಿಂಗಳವರೆಗೆ ಒಂದು ಕೊರೊನಾ ಕೇಸೂ ಇರಲಿಲ್ಲ. ಆದರೂ ಬಿಪಿ, ಶುಗರ್‌ನವರು ಮಾತ್ರೆ ಬಿಟ್ಟು ಕೂತಿದ್ದರು.

ಏಪ್ರಿಲ್‌ನಲ್ಲಿ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಬಹುದು ಅಂತ ಕೇಂದ್ರದ ಸೂಚನೆ ಬಂತು. ನಮ್ಮ ಕಪಾಟಿನಲ್ಲಿ ಒಂದು ತಿಂಗಳಿಗೂ ಸರಿಯಾಗಿ ಇರಲಿಲ್ಲ, ಆ ಮಾತು ಬೇರೆ. ಇದ್ದಷ್ಟನ್ನು ಹಂಚೋಣ ಅಂದರೆ ನಾನೊಬ್ಬಳು, ಆಶಾ ಕಾರ್ಯಕರ್ತೆಯರು ಇಬ್ಬರು. ಆಗ ನೆನಪಾಗಿದ್ದು ಹಾಲಿನ ಡೈರಿ. ಹಸುವಿಗೆ ಲಾಕ್‌ಡೌನ್ ಉಂಟಾ? ದಿನಕ್ಕೆರಡು ಸಲ ಜನ ಕ್ಯಾನ್ ಹಿಡಿದು ಬರುತ್ತಲೇ ಇದ್ದರು. ಬೆಳಿಗ್ಗೆ ಆರೂವರೆಗೆ ಅದರ ಜಗಲಿಯಲ್ಲಿ ಬಿಪಿ ಮಿಷನ್ ಇಟ್ಟುಕೊಂಡು ಕೂತೆ. ಮಾತ್ರೆಯ ಕವರ್ ಮೇಲೆ ಹೆಸರು ಬರೆದರೆ ಊರಿಗೆ ಮೂವರು ಲಕ್ಷ್ಮಮ್ಮ. ಹಾಗಾಗಿ ಡೈರಿಯ ಸದಸ್ಯರ ನಂಬರನ್ನೇ ಬರೆದೆ. ಹಾಲು ಅಳೆಯುವ ಹುಡುಗ ನಂಬರ್ ಕೂಗಿದರೆ, ನಾನು ಕವರ್ ಕೊಡುತ್ತಿದ್ದೆ.

ಒಂದು ತಪ್ಪಾಯಿತು. ಹಸು ಇಲ್ಲದವರು ಡೈರಿಗೆ ಯಾಕೆ ಬರುತ್ತಾರೆ? ಕಾಫಿ ತೋಟದ ಲೈನ್ ಮನೆಗಳಲ್ಲಿರುವ ಕೂಲಿಯವರು ಪೂರ್ತಿ ಬಿಟ್ಟುಹೋಗಿದ್ದರು. ನನಗೆ ಅದು ಹೊಳೆಯಲು ಎರಡು ವಾರ ಹಿಡಿಯಿತು. ಆಮೇಲೆ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಮಾತಾಡಿ, ಬಟವಾಡೆ ದಿನ ಅಲ್ಲೇ ಹೋಗಿ ಕೂರಲು ಶುರುಮಾಡಿದೆ.

ಗುರುವಾರದ ಚುಚ್ಚುಮದ್ದಿನದು ಇನ್ನೊಂದು ಪೇಚು. ದಡಾರ–ರುಬೆಲ್ಲಾ ಲಸಿಕೆ ಕಲಸಿದ ಮೇಲೆ 4 ಗಂಟೆಯೊಳಗೆ ಮುಗಿಸಬೇಕು. ಅತ್ತ ಒಂದು ಸಲಕ್ಕೆ ನಾಲ್ಕೈದು ತಾಯಂದಿರಿಗಿಂತ ಜಾಸ್ತಿ ಸೇರಿಸುವಂತಿಲ್ಲ. ಎಲ್ಲರಿಗೂ ಟೈಮ್ ಕೊಟ್ಟು, ಹಿಂದಿನ ರಾತ್ರಿಯೇ ಫೋನ್ ಮಾಡಿಸಿದೆ. ಆದರೂ ಒಂಬತ್ತಕ್ಕೆ ಬನ್ನಿ ಅಂದವರು ಹನ್ನೊಂದಕ್ಕೆ ಬಂದರು. ಬೈಯೋಕೂ ಮನಸ್ಸು ಬರಲಿಲ್ಲ, ಮಗು ಎತ್ತಿಕೊಂಡು ನಡೆದೇ ಬಂದಿದ್ದರು.

2021ರಲ್ಲಿ ಕೇಸುಗಳು ಏರಿದವು. ನಮ್ಮ ಜಿಲ್ಲೆಗೆ ಜೂನ್ 21ರವರೆಗೂ ಲಾಕ್‌ಡೌನ್ ಮುಂದುವರಿಸಿದರು. ಸೀಲ್‌ಡೌನ್ ಆದ ಬೀದಿಯೊಂದರಲ್ಲಿ ತುಂಬು ಗರ್ಭಿಣಿ. ರಾತ್ರಿ ನೋವು ಬಂದು ಒಂದು ನರ್ಸಿಂಗ್ ಹೋಮ್‌ಗೆ ಹೋದರೆ, ಕೊರೊನಾ ರಿಪೋರ್ಟ್ ಇಲ್ಲದೆ ಒಳಗೆ ಬಿಡಲ್ಲ ಅಂದರಂತೆ. "ಸಿಸ್ಟರ್, ಈಗ ಎಲ್ಲಿಗೆ ಹೋಗೋಣ?" ಅಂತ ಅವಳ ಅತ್ತೆ ಫೋನಿನಲ್ಲಿ ಅಳುತ್ತಿದ್ದರು. ಕೊನೆಗೆ ಜಿಲ್ಲಾ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ತಾಯಿ, ಮಗು ಚೆನ್ನಾಗಿದ್ದಾರೆ.

ಮರುದಿನವೇ ತಾಯಿ ಕಾರ್ಡ್ ರಿಜಿಸ್ಟರ್ ತೆಗೆದು, ದಿನ ಹತ್ತಿರ ಬಂದವರನ್ನೆಲ್ಲ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದೆ. ಹೆರಿಗೆಗೆ ಐದು ದಿನ ಮೊದಲೇ ಸ್ವ್ಯಾಬ್ ಕೊಡಿಸುವುದು, ರಿಪೋರ್ಟ್ ಬಂದ ಕೂಡಲೇ ತಾಯಿ ಕಾರ್ಡಿನ ಒಳಗೆ ಪಿನ್ ಹೊಡೆಯುವುದು. ನೋವು ಬೇಗ ಬಂದವರ ಜೊತೆ ನಾನೇ 108 ಹತ್ತುತ್ತಿದ್ದೆ.